ಆಫೀಸ್ ಕೆಲಸಕ್ಕೆ ಆಮ್‌ಸ್ಟರ್‌ಡ್ಯಾಮಿಗೆ ಹೊರಟವರು ಊರು ನೋಡುವ ಬಗೆ

ಪುಣೆಯ ಹಿಂಜವಡಿಯಿಂದಲೋ ಚಾಕಣದಿಂದಲೋ ಆಫೀಸ್ ಕೆಲಸಕ್ಕೆಂದು ಆಮ್‌ಸ್ಟರ್‌ಡ್ಯಾಮಿಗೆ ಹೋಗಿಬಂದವರನ್ನು ಊರು ಹೇಗಿತ್ತು ಅಂತ ಕೇಳಿ ನೋಡಿ. ಬಹಳ ಮಂದಿ ಹೋಟೆಲಿನ ಬಗ್ಗೆ ಹೇಳುತ್ತಾರೆ, ಮೀಟಿಂಗಿನ ಬಗ್ಗೆ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಸಂಜೆ ಐದಕ್ಕೆಲ್ಲ ಜನ ಆಫೀಸು ಬಿಟ್ಟು ಮನೆಗೆ ಹೊರಡುವ ದೇಶ ನೆದರ್‌ಲ್ಯಾಂಡ್ಸ್. ಅಷ್ಟು ದೂರ ಹೋಗಿ ಸಂಜೆಗಳನ್ನು ರೂಮಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕಳೆಯಬಾರದು.

ನನ್ನ ಹುಟ್ಟೂರು ಧಾರವಾಡ. ಪಿಂಪ್ರಿ ಕಡೆ ಪಂಪು ತಯಾರಿಸುವ ಕಂಪನಿಯೊಂದರ ಡಿಸೈನ್ ವಿಭಾಗದಲ್ಲಿದ್ದೇನೆ. ಡಚ್ ಗ್ರಾಹಕರ ಕೆಲಸದ ಮೇಲೆ ಆ ಊರಿಗೆ ಹಲವು ಸಲ ಹೋಗಿದ್ದೇನೆ. ಪುಣೆಯ ಕನ್ನಡಿಗರ ಕೂಟಗಳಲ್ಲಿ ಸಿಗುವ ಹುಡುಗ ಹುಡುಗಿಯರು ‘ಅಕ್ಕಾ, ಮುಂದಿನ ತಿಂಗಳ ಹೊಂಟೀನಿ, ಏನೇನ್ ನೋಡ್ಲಿ?’ ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನನ್ನ ಮಾತು ಇಷ್ಟೇ: ಶನಿವಾರ, ಭಾನುವಾರಕ್ಕೆ ಕಾಯಬೇಡಿ. ಕೆಲಸದ ದಿನಗಳ ಬೆಳಗನ್ನೂ ಸಂಜೆಯನ್ನೂ ಬಳಸಿಕೊಳ್ಳಿ, ಮತ್ತು ನೀರಿನ ದಂಡೆ ಹಿಡಿದು ನಡೆಯಿರಿ. ಆ ಊರನ್ನು ಕಟ್ಟಿದ್ದು ನೀರು, ಉಳಿಸಿರುವುದು ನೀರನ್ನು ಹದದಲ್ಲಿಡುವ ಕೆಲಸ.

ಪುಣೆಯಲ್ಲೇ ಮುಗಿಸಬೇಕಾದ ಕೆಲಸ

ಟಿಕೆಟ್ ಆಗುವ ಮುಂಚೆಯೇ ಟ್ರಾವೆಲ್ ಡೆಸ್ಕಿನವರಿಗೆ ಒಂದು ಮೇಲ್ ಹಾಕಿ. ಶುಕ್ರವಾರ ರಾತ್ರಿಯ ಬದಲು ಭಾನುವಾರ ವಾಪಸಾಗುವ ಟಿಕೆಟ್ ಕೇಳಿ, ಹೆಚ್ಚಿನ ರಾತ್ರಿಗಳ ಹೋಟೆಲ್ ಖರ್ಚು ನಾನೇ ಕೊಡುತ್ತೇನೆ ಅಂತ ಬರೆಯಿರಿ. ಆಮೇಲೆ ಕೇಳಿದರೆ ಟಿಕೆಟ್ ಬದಲಾಯಿಸುವ ದಂಡ, ಮ್ಯಾನೇಜರಿಗೆ ವಿವರಣೆ, ಎಲ್ಲ ತಲೆನೋವು. ವೀಸಾ ಅರ್ಜಿಯಲ್ಲೂ ಇನ್ಶೂರೆನ್ಸಿನಲ್ಲೂ ಆ ಎರಡು ದಿನ ಸೇರಿರಬೇಕು. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಕಂಪನಿ ಪಾಲಿಸಿ ಕೆಲಸದ ದಿನಗಳಿಗಷ್ಟೇ ಇದೆಯೋ ಹೇಗೆ ಅಂತ ಎಚ್‌ಆರ್ ಕಡೆಯಿಂದ ಖಚಿತ ಮಾಡಿಕೊಳ್ಳಿ.

ಬ್ಯಾಂಕ್ ಆ್ಯಪ್ ತೆರೆದು ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ. ನಮ್ಮ ಕಾರ್ಡುಗಳಲ್ಲಿ ಇವನ್ನು ನಾವೇ ಶುರು ಮಾಡಬೇಕು. ಅಲ್ಲಿನ ಟ್ರಾಮಿನಲ್ಲಿ ನಗದು ನಡೆಯುವುದಿಲ್ಲ, ಕಾರ್ಡು ತಾಗಿಸಿಯೇ ಹತ್ತಬೇಕು.

ನಾಜಿಗಳಿಂದ ಅಡಗಿದ್ದು ಡೈರಿ ಬರೆದ ಯಹೂದಿ ಹುಡುಗಿ ಆ್ಯನ್ ಫ್ರ್ಯಾಂಕ್ ಮನೆ ನೋಡಬೇಕೆಂದಿದ್ದರೆ ಟಿಕೆಟ್ ಇಲ್ಲಿಂದಲೇ ತೆಗೆಯಿರಿ. ಮಾರಾಟ ಆನ್‌ಲೈನಿನಲ್ಲಿ ಮಾತ್ರ. ಪ್ರತಿ ಮಂಗಳವಾರ, ಆರು ವಾರ ಮುಂದಿನ ದಿನಗಳ ಟಿಕೆಟ್ ಬೆಳಿಗ್ಗೆ ಹತ್ತಕ್ಕೆ ಬಿಡುತ್ತಾರೆ. ಅಲ್ಲಿನ ಬೆಳಗಿನ ಹತ್ತು ಗಂಟೆ ಅಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಊಟದ ಡಬ್ಬಿ ಪಕ್ಕಕ್ಕಿಟ್ಟು ಟಿಕೆಟ್ ಕೆಲಸ ಮುಗಿಸಿ. ಬಹುತೇಕ ದಿನ ಆ ಮನೆ ರಾತ್ರಿಯವರೆಗೂ ತೆರೆದಿರುತ್ತದೆ, ಹಾಗಾಗಿ ಆಫೀಸಾದ ಮೇಲಿನ ಹೊತ್ತನ್ನೇ ಆರಿಸಿಕೊಳ್ಳಬಹುದು.

ಇನ್ನು ಕೊಡುಗೆಯ ವಿಚಾರ. ಡಚ್ ಸಹೋದ್ಯೋಗಿಗಳಿಗೆ ಧಾರವಾಡ ಪೇಡೆ ಒಯ್ಯಬೇಕೆಂದು ಎಲ್ಲರಿಗೂ ಆಸೆ. ಆದರೆ ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ತಾಜಾ ಕರಿಬೇವೂ ಬೇಡ. ಮುಂಬೈ ದಾರಿಯಲ್ಲಿ ಲೋಣಾವಳಾ ಸಿಗುತ್ತದಲ್ಲ, ಹಾಲು ತುಪ್ಪ ಇಲ್ಲದ ಬೆಲ್ಲದ ಚಿಕ್ಕಿ ಕೊಳ್ಳಿ. ಕೊಡುವಾಗ ಶೇಂಗಾ ಇದೆ ಅಂತ ತಪ್ಪದೆ ಹೇಳಿ, ಅಲ್ಲಿ ಅದರ ಅಲರ್ಜಿ ಇರುವವರು ಇರುತ್ತಾರೆ. ನಿಮಗಾಗಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇರಲಿ. ಅಲ್ಲಿನ ಮೊಸರಿನ ಜೊತೆ ರಾತ್ರಿ ಊಟ ಆಗಿಹೋಗುತ್ತದೆ. ಕೊಡೆಯ ಬದಲು ಟೋಪಿ ಇರುವ ಮಳೆ ಜಾಕೆಟ್ ಒಯ್ಯಿರಿ. ಅಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಬೆಳಗಿನ ಐದು ಗಂಟೆ

ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ಐದಾದಾಗ ನಮ್ಮ ಮೈಗೆ ಎಂಟೂವರೆಯೋ ಒಂಬತ್ತೂವರೆಯೋ ಆಗಿರುತ್ತದೆ, ತಾನೇ ಎಚ್ಚರವಾಗುತ್ತದೆ. ಮತ್ತೆ ಹೊದ್ದು ಮಲಗಬೇಡಿ, ಎದ್ದು ಹೊರಡಿ. ಜೂನಿನಲ್ಲಿ ಐದೂ ಇಪ್ಪತ್ತರ ಹೊತ್ತಿಗೆ ಸೂರ್ಯ ಹುಟ್ಟಿ ರಾತ್ರಿ ಹತ್ತರವರೆಗೆ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಎಂಟೂಮುಕ್ಕಾಲಿಗೆ ಬೆಳಗಾಗಿ ನಾಲ್ಕೂವರೆಗೆ ಕತ್ತಲಾಗುತ್ತದೆ. ಪ್ರವಾಸದ ತಿಂಗಳು ಆರಿಸುವ ಅವಕಾಶ ನಿಮ್ಮ ಕೈಯಲ್ಲಿದ್ದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಹೋಗಬೇಕಾದರೂ ನಿರಾಶರಾಗಬೇಡಿ, ಸೇತುವೆಗಳ ದೀಪ ಆಗ ಬೇಗ ಹತ್ತುತ್ತವೆ.

ಬೆಳಗಿನ ನಡಿಗೆಗೆ ನಾನು ಹೇಳುವ ಜಾಗ ಊರಿನ ಪಶ್ಚಿಮಕ್ಕಿರುವ ಯೋರ್ಡಾನ್ ಬಡಾವಣೆಯ ಅಂಚು, ಪ್ರಿನ್ಸೆನ್‌ಗ್ರಾಖ್ಟ್ ಮತ್ತು ಬ್ರೌವರ್ಸ್‌ಗ್ರಾಖ್ಟ್ ಕಾಲುವೆಗಳು ಕೂಡುವಲ್ಲಿ. 1613ರಲ್ಲಿ ಅಗೆಯಲು ಶುರುಮಾಡಿದ ದೊಡ್ಡ ಕಾಲುವೆಗಳು ಮೂರು: ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್. ಹಳೇ ಊರನ್ನು ಅರ್ಧಚಂದ್ರಾಕಾರದಲ್ಲಿ ಬಳಸಿಕೊಂಡು ಒಂದರ ಹಿಂದೆ ಒಂದು ಹೋಗುತ್ತವೆ. ಈ ಕಾಲುವೆ ವಲಯ 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಯಾವ ಕಾಲುವೆ ಎಲ್ಲಿ ಅಂತ ಒಮ್ಮೆ ತಲೆಗೆ ಹೋದರೆ ದಾರಿ ತಪ್ಪುವುದಿಲ್ಲ. ಹೇರೆನ್‌ಗ್ರಾಖ್ಟ್ ಒಳಗಿನದು, ಪ್ರಿನ್ಸೆನ್‌ಗ್ರಾಖ್ಟ್ ಹೊರಗಿನದು.

ಆ ಹೊತ್ತಿನಲ್ಲಿ ದೋಣಿಗಳು ಓಡುವುದಿಲ್ಲ, ನೀರು ಅಲುಗುವುದಿಲ್ಲ. ಬ್ರೌವರ್ಸ್‌ಗ್ರಾಖ್ಟಿನ ಹಳೇ ಗೋದಾಮುಗಳ ದೊಡ್ಡ ಮರದ ಬಾಗಿಲುಗಳು ಎದುರಿಗೇ ಕಾಣುತ್ತವೆ. ತಲೆಯೆತ್ತಿ ನೋಡಿದರೆ ಪ್ರತಿ ಮನೆಯ ನೆತ್ತಿಯಿಂದ ಒಂದು ತೊಲೆ ಮುಂದಕ್ಕೆ ಚಾಚಿರುತ್ತದೆ, ತುದಿಯಲ್ಲಿ ಕಬ್ಬಿಣದ ಕೊಂಡಿ. ಈ ಮನೆಗಳ ಮೆಟ್ಟಿಲು ಬಹಳ ಕಿರಿದು, ಬಹಳ ಕಡಿದು. ಬೀರು, ಮಂಚ ಹತ್ತಿಸಲಾಗದು. ಕೊಂಡಿಗೆ ರಾಟೆ ಸಿಕ್ಕಿಸಿ ಹಗ್ಗದಲ್ಲಿ ಎಳೆದು ಕಿಟಕಿಯಿಂದ ಒಳಗೆ ತೆಗೆದುಕೊಳ್ಳುತ್ತಾರೆ. ಸಾಮಾನು ಗೋಡೆಗೆ ತಾಗದಿರಲಿ ಎಂದು ಎಷ್ಟೋ ಮನೆಗಳ ಮುಂಗೋಡೆಯನ್ನು ತುಸು ಮುಂದಕ್ಕೆ ಬಾಗಿಸಿಯೇ ಕಟ್ಟಿದ್ದಾರೆ. ಅಕ್ಕಪಕ್ಕಕ್ಕೆ ವಾಲಿದ ಮನೆಗಳ ಕತೆ ಬೇರೆ, ಅಲ್ಲಿ ಅಡಿಪಾಯ ಕುಸಿದಿದೆ.

ಬಾಗಿಲ ಮೇಲೆ ಗೋಡೆಯಲ್ಲಿ ಕೂರಿಸಿರುವ ಕೆತ್ತನೆ ಕಲ್ಲುಗಳನ್ನೂ ಹುಡುಕಿ. ಮನೆಗಳಿಗೆ ನಂಬರು ಬರುವ ಮುಂಚೆ ಇವೇ ವಿಳಾಸ. ಒಂದರಲ್ಲಿ ಹಡಗು, ಒಂದರಲ್ಲಿ ಮೀನು, ಒಂದರಲ್ಲಿ ಎತ್ತು, ಬಣ್ಣ ಹಚ್ಚಿ ಇವತ್ತಿಗೂ ಕಾಪಾಡಿದ್ದಾರೆ. ಹತ್ತಿರ ನಿಂತು ನೋಡಿದರೆ ಹಡಗಿನ ಹಗ್ಗವನ್ನೂ ಬಿಡದೆ ಕೆತ್ತಿರುವುದು ಕಾಣುತ್ತದೆ. ಏಳಕ್ಕೆ ಹೋಟೆಲಿಗೆ ಮರಳಿ ಸ್ನಾನ ಮಾಡಿ ಒಂಬತ್ತರ ಮೀಟಿಂಗಿಗೆ ಆರಾಮಾಗಿ ತಲುಪಬಹುದು.

ನಡೆಯುವಾಗ ಒಂದೇ ಎಚ್ಚರ: ಕೆಂಪು ಬಣ್ಣದ ಹಾದಿ ಸೈಕಲ್ಲಿನದು, ಅದರ ಮೇಲೆ ನಿಂತು ಫೋಟೋ ತೆಗೆಯಬೇಡಿ. ಗಾಡಿಗಳು ಬಲಕ್ಕೆ ಹೋಗುವುದರಿಂದ ದಾಟುವಾಗ ಮೊದಲು ಎಡಕ್ಕೆ ನೋಡಿ. ಒಂದು ಕಾಲಕ್ಕೆ ಸೈಕಲ್ ಊರು ಎನಿಸಿಕೊಂಡ ಪುಣೆಯಿಂದ ಬಂದವರಿಗೆ ಬಾಡಿಗೆ ಸೈಕಲ್ ಹತ್ತುವ ಮನಸ್ಸಾಗುವುದು ಸಹಜ. ಆದರೆ ಅಲ್ಲಿನ ಹಲವು ಸೈಕಲ್ಲುಗಳಿಗೆ ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್. ಮೊದಲು ಉದ್ಯಾನದಲ್ಲಿ ಅಭ್ಯಾಸ ಮಾಡಿ, ಕೆಲಸದ ದಿನಗಳ ದಟ್ಟಣೆಯಲ್ಲಿ ಬೇಡ.

ಓಡಾಟ

ಸ್ಕಿಪೋಲ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ, ಸೆಂಟ್ರಲ್ ಸ್ಟೇಷನ್ನಿಗೆ ಕಾಲು ಗಂಟೆಯ ದಾರಿ. ಕಂಪನಿಗಳು ಹೆಚ್ಚಾಗಿ ಇರುವ ದಕ್ಷಿಣದ ಝೌದ್ ಸ್ಟೇಷನ್ ಇನ್ನೂ ಹತ್ತಿರ. ರೈಲು, ಮೆಟ್ರೋ, ಟ್ರಾಮ್ ಎಲ್ಲದಕ್ಕೂ ಹತ್ತುವಾಗ ಕಾರ್ಡು ತಾಗಿಸಿ, ಇಳಿಯುವಾಗ ಮತ್ತೆ ತಾಗಿಸಿ. ಇಳಿಯುವಾಗ ಮರೆತರೆ ಹೆಚ್ಚು ಹಣ ಕಡಿತವಾಗುತ್ತದೆ. ಹತ್ತುವಾಗ ಫೋನು, ಇಳಿಯುವಾಗ ಪ್ಲಾಸ್ಟಿಕ್ ಕಾರ್ಡು ಮಾಡಬೇಡಿ, ಯಂತ್ರಕ್ಕೆ ಅವು ಬೇರೆ ಬೇರೆ. ಝೌದ್‌ನಿಂದ 5ನೇ ನಂಬರ್ ಟ್ರಾಮ್ ಮ್ಯೂಸಿಯಂಗಳ ಕಡೆಗೆ ಹೋಗುತ್ತದೆ, 52ನೇ ಮೆಟ್ರೋ ಊರಿನ ನಡುವೆ. ಈ ಮೆಟ್ರೋ ಓಡಲು ಶುರುವಾದದ್ದು 2018ರಲ್ಲಿ. ಅದರ ರೋಕಿನ್ ನಿಲ್ದಾಣದಲ್ಲಿ ಒಮ್ಮೆ ಇಳಿಯಿರಿ. ಸುರಂಗಕ್ಕಾಗಿ ಆಮ್‌ಸ್ಟೆಲ್ ನದಿಯ ಹಳೇ ಪಾತ್ರ ಅಗೆದಾಗ ಸುಮಾರು 7 ಲಕ್ಷ ವಸ್ತುಗಳು ಸಿಕ್ಕವು. ಅವುಗಳಲ್ಲಿ ಸಾವಿರಾರನ್ನು ಎಸ್ಕಲೇಟರುಗಳ ನಡುವೆ ಗಾಜಿನೊಳಗೆ ಜೋಡಿಸಿದ್ದಾರೆ: ಕೀಲಿಕೈ, ಚಮಚ, ಗುಂಡಿ, ನಾಣ್ಯ, ಮುರಿದ ಬಟ್ಟಲು. ನಾನು ಮೇಲೆ ಕೆಳಗೆ ಹತ್ತಿ ಇಳಿದು ನೋಡುತ್ತೇನೆ, ನೀವೂ ಸಂಕೋಚಪಡಬೇಡಿ.

ನೀರಿನ ಸಂಜೆ

ನಿಮಗೆ ಒಂದೇ ಒಂದು ಸಂಜೆ ಬಿಡುವು ಸಿಕ್ಕರೆ ಈ ನಡಿಗೆ ಮಾಡಿ. ನನ್ನ ವೃತ್ತಿಯೇ ನೀರೆತ್ತುವುದಾದ್ದರಿಂದ ಈ ದಾರಿ ನನಗೆ ಹೆಚ್ಚು ಪ್ರಿಯ ನಿಜ, ಆದರೆ ಎಂಜಿನಿಯರ್ ಅಲ್ಲದವರನ್ನು ಕರೆದೊಯ್ದಾಗಲೂ ಅವರು ಇದನ್ನೇ ನೆನೆಸಿಕೊಳ್ಳುತ್ತಾರೆ.

ವಾಟರ್‌ಲೂಪ್ಲೈನ್‌ನಲ್ಲಿ ನಗರಸಭೆ, ಆಪೆರಾ ಎರಡೂ ಒಂದೇ ಕಟ್ಟಡದಲ್ಲಿವೆ, ಹೆಸರು ಸ್ಟೊಪೆರಾ. ಅದರ ಒಳದಾರಿಯಲ್ಲಿ ನೀರು ತುಂಬಿದ ಮೂರು ಗಾಜಿನ ಕಂಬಗಳಿವೆ. ಎರಡರಲ್ಲಿ ಕರಾವಳಿಯ ಐಮೌಡನ್, ಫ್ಲಿಸಿಂಗನ್ ಎಂಬ ಎರಡು ಊರುಗಳಲ್ಲಿ ಆ ಹೊತ್ತಿಗೆ ಸಮುದ್ರ ಎಷ್ಟು ಎತ್ತರಕ್ಕಿದೆಯೋ ಅಷ್ಟೇ ನೀರು ಏರಿಳಿಯುತ್ತದೆ. ಮೂರನೆಯದು ನಿಮ್ಮ ತಲೆಗಿಂತ ಬಹಳ ಮೇಲೆ, 4.55 ಮೀಟರಿಗೆ ನಿಂತಿದೆ. 1953ರ ಜನವರಿ ಕೊನೆಯ ರಾತ್ರಿ ದಕ್ಷಿಣದ ಪ್ರಾಂತದಲ್ಲಿ ಕಟ್ಟೆಗಳು ಒಡೆದು ಸಮುದ್ರ ನುಗ್ಗಿದ ಮಟ್ಟ ಅದು. ಆ ಪ್ರವಾಹದಲ್ಲಿ ಆ ದೇಶದ 1,836 ಜನ ಸತ್ತರು. ಕೆಳಗೆ ಸೊನ್ನೆಯ ಮಟ್ಟವನ್ನು ತೋರಿಸುವ ಕಂಚಿನ ಬೋಲ್ಟ್ ಇದೆ. ಯುರೋಪಿನ ಬಹುಭಾಗದ ಎತ್ತರಗಳನ್ನು ಅಳೆಯುವುದು ಈ ಆಮ್‌ಸ್ಟರ್‌ಡ್ಯಾಮ್ ಮಟ್ಟದಿಂದ. ಹೊರಗಿನ ಕಾಲುವೆಗಳ ನೀರನ್ನು ಇದಕ್ಕಿಂತ ಸುಮಾರು 40 ಸೆಂಟಿಮೀಟರ್ ಕೆಳಗೆ ನಿಲ್ಲಿಸಿರುತ್ತಾರೆ. ಇಷ್ಟೂ ನೋಡಲು ಟಿಕೆಟ್ ಇಲ್ಲ. ಕಟ್ಟಡ ಮುಚ್ಚುವ ಮುಂಚೆ, ಆಫೀಸಿನಿಂದ ನೇರ ಇಲ್ಲಿಗೇ ಬನ್ನಿ.

ಅಲ್ಲಿಂದ ಹೊರಬಂದು ಆಮ್‌ಸ್ಟೆಲ್ ನದಿಯ ದಂಡೆಯಲ್ಲಿ ದಕ್ಷಿಣಕ್ಕೆ ನಡೆಯಿರಿ. ಬಿಳಿ ಬಣ್ಣದ, ಮರದ ಎತ್ತುಸೇತುವೆ ಬರುತ್ತದೆ, ಮಾಖೆರೆ ಬ್ರುಖ್. ಈಗಿನದು 1934ರದ್ದು. ಎಲ್ಲರೂ ಇಲ್ಲಿ ಫೋಟೋ ತೆಗೆದು ಹಿಂತಿರುಗುತ್ತಾರೆ. ನೀವು ಇನ್ನಷ್ಟು ಮುಂದೆ ಹೋಗಿ. ಕಾರೆ ರಂಗಮಂದಿರದ ಎದುರು ನದಿಗೆ ಅಡ್ಡಲಾಗಿ 17ನೇ ಶತಮಾನದ ತೂಬುಗಳಿವೆ. ದಪ್ಪ ಮರದ ಬಾಗಿಲುಗಳು, ಕೈಯಿಂದ ತಿರುಗಿಸುವ ಚಕ್ರಗಳು. ಕಾಲುವೆಯ ನೀರನ್ನು ಬದಲಾಯಿಸುವಾಗ ಇಂಥ ತೂಬುಗಳನ್ನು ಮುಚ್ಚಿ, ಪೂರ್ವದ ಝೇಬುರ್ಖ್ ಪಂಪ್‌ಹೌಸಿನಿಂದ ಹೊಸ ನೀರನ್ನು ಒಳಗೆ ನೂಕುತ್ತಾರೆ. ಕೊಳಕು ನೀರು ಇನ್ನೊಂದು ಕಡೆಯಿಂದ ಹೊರಹೋಗುತ್ತದೆ. ನೂರು ಕಿಲೋಮೀಟರಿಗಿಂತ ಉದ್ದದ ಕಾಲುವೆಗಳಲ್ಲಿ ಇದು ಸಾಧ್ಯವಾಗುವುದು ಮಟ್ಟವನ್ನು ಅಷ್ಟು ಶಿಸ್ತಿನಿಂದ ಕಾಯುವುದರಿಂದ. ಪುಣೆಯ ಮುಳಾ-ಮುಠಾ ನದಿಯ ದಂಡೆಯಲ್ಲಿ ವರ್ಷಗಟ್ಟಲೆ ಓಡಾಡಿದ ನನಗೆ ಆ ತೂಬಿನ ಮೇಲೆ ನಿಂತಾಗ ಹೊಟ್ಟೆಕಿಚ್ಚೂ ಆಗುತ್ತದೆ, ಆಸೆಯೂ ಹುಟ್ಟುತ್ತದೆ.

ಈಗ ಪಶ್ಚಿಮಕ್ಕೆ ತಿರುಗಿ, ಪ್ರಿನ್ಸೆನ್‌ಗ್ರಾಖ್ಟ್ ಹಿಡಿದು ರೆಗ್ಯುಲಿರ್ಸ್‌ಗ್ರಾಖ್ಟಿಗೆ ಬಂದು, ಬಲಕ್ಕೆ ಹೊರಳಿ ಹೇರೆನ್‌ಗ್ರಾಖ್ಟಿನ ಮೂಲೆಯವರೆಗೆ ನಡೆಯಿರಿ. ಅಲ್ಲಿ ಬಗ್ಗಿ ನೋಡಿದರೆ ಏಳು ಸೇತುವೆಗಳ ಕಮಾನು ಒಂದರೊಳಗೊಂದು ಕಾಣುತ್ತವೆ. ಕತ್ತಲಾದ ಮೇಲೆ ದೀಪ ಹತ್ತಿದಾಗ ನೋಡಬೇಕು. ದೋಣಿಯಿಂದ ಇನ್ನೂ ಸ್ಪಷ್ಟ.

ದಾರಿಯಲ್ಲಿ ಅಲ್ಲಲ್ಲಿ ಕಾಲುವೆಯ ದಂಡೆಗೆ ಉಕ್ಕಿನ ಹಲಗೆ ಬಡಿದು ಆಸರೆ ಕೊಟ್ಟಿರುವುದು ಕಂಡರೆ, ಫೋಟೋ ಕೆಟ್ಟಿತು ಅಂದುಕೊಂಡು ಹೋಗಬೇಡಿ. 2020ರ ಸೆಪ್ಟೆಂಬರಿನಲ್ಲಿ ಗ್ರಿಮ್‌ಬುರ್ಖ್‌ವಾಲ್ ಎಂಬಲ್ಲಿ ದಂಡೆಯ ಗೋಡೆ ಏಕಾಏಕಿ ಕುಸಿದು ನೀರಿಗೆ ಬಿತ್ತು. ಅಲ್ಲಿನ ದಂಡೆಗಳೂ ಮನೆಗಳೂ ನಿಂತಿರುವುದು ಕೆಸರಿಗೆ ಬಡಿದ ಮರದ ಕಂಬಗಳ ಮೇಲೆ. ಡ್ಯಾಮ್ ಚೌಕದ ಅರಮನೆಯೊಂದರ ಕೆಳಗೇ 13,659 ಕಂಬಗಳಿವೆ. ನೀರೊಳಗೆ ಮುಳುಗಿದ್ದಷ್ಟು ಕಾಲ ಮರ ಶತಮಾನಗಟ್ಟಲೆ ಬಾಳುತ್ತದೆ, ನೀರಿಳಿದು ಗಾಳಿ ತಾಗಿತೋ ಕೊಳೆಯುತ್ತದೆ. ಕುದುರೆಗಾಡಿಗಳ ಕಾಲಕ್ಕೆ ಕಟ್ಟಿದ ದಂಡೆ ಇವತ್ತಿನ ಲಾರಿಗಳ ಭಾರ ತಾಳಬೇಕಾಗಿದೆ. ಒಟ್ಟು ಸುಮಾರು 200 ಕಿಲೋಮೀಟರ್ ಗೋಡೆಯ ಪರೀಕ್ಷೆ, ದುರಸ್ತಿ ನಡೆದಿದೆ. ಊರು ತನ್ನನ್ನು ತಾನು ಕಾಪಾಡಿಕೊಳ್ಳುವುದನ್ನು ಕಣ್ಣಾರೆ ನೋಡುವ ಅವಕಾಶ ಇದು.

ದೋಣಿ ಸವಾರಿಯನ್ನು ಮೊದಲ ದಿನ ಮಾಡಬೇಡಿ. ಎರಡು ಸಲ ನಡೆದು ಊರಿನ ಪರಿಚಯವಾದ ಮೇಲೆ ಹತ್ತಿದರೆ, ಮೇಲಿಂದ ಕಂಡ ಸೇತುವೆಗಳನ್ನು ಕೆಳಗಿಂದ ಗುರುತಿಸುವ ಸಂತೋಷ ಬೇರೆ. ಸೆಂಟ್ರಲ್ ಸ್ಟೇಷನ್ ಎದುರಿಂದ ಸುಮಾರು ಒಂದು ಗಂಟೆಯ ದೋಣಿಗಳು ಹೊರಡುತ್ತವೆ. ಮಳೆಯಿದ್ದರೆ ಗಾಜಿನ ಮಾಡಿನದು, ಬಿಸಿಲಿದ್ದರೆ ತೆರೆದ ಚಿಕ್ಕ ದೋಣಿ. ಖರ್ಚು ಬೇಡವೆಂದರೆ ಸ್ಟೇಷನ್ನಿನ ಹಿಂಬದಿಯಿಂದ ಐ ಎಂಬ ನೀರಿನ ಹರವನ್ನು ದಾಟಿಸುವ ಫೆರಿಗಳು ಉಚಿತ. ಆಫೀಸಿನಿಂದ ಮನೆಗೆ ಹೋಗುವ ಜನ ಸೈಕಲ್ ಸಮೇತ ತುಂಬಿರುತ್ತಾರೆ, ಅವರ ನಡುವೆ ನಿಂತು ಹೋಗಿಬನ್ನಿ.

ಮ್ಯೂಸಿಯಂ, ಮನೆ

ರೈಕ್ಸ್‌ಮ್ಯೂಸಿಯಂ ಸಂಜೆ ಐದಕ್ಕೆ ಮುಚ್ಚುತ್ತದೆ, ಅದಕ್ಕೆ ಶನಿವಾರ ಬೆಳಿಗ್ಗೆ ಒಂಬತ್ತರ ಟಿಕೆಟ್. ಎಲ್ಲ ನೋಡಲು ಹೋಗಬೇಡಿ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಮುಂದೆ ಜನ ಸೇರುವ ಮುಂಚೆ ಹೋಗಿ. 1715ರಲ್ಲಿ ಚಿತ್ರವನ್ನು ಬೇರೆ ಗೋಡೆಗೆ ಸಾಗಿಸುವಾಗ ಜಾಗ ಸಾಲದೆಂದು ನಾಲ್ಕೂ ಅಂಚು ಕತ್ತರಿಸಿದ್ದರು, ಅದು ತಿಳಿದಿದ್ದರೆ ನೋಡುವ ಕಣ್ಣು ಬೇರೆಯಾಗುತ್ತದೆ. ಆಮೇಲೆ ವರ್ಮೀರನ ಹಾಲು ಸುರಿಯುವ ಹೆಂಗಸು. ಒಂದೂವರೆ ಅಡಿಯ ಚಿಕ್ಕ ಚಿತ್ರ, ಅವಳು ಪಾತ್ರೆ ಹಿಡಿದ ಕೈಯ ಬಲ ನೋಡಿ.

ಆ ವೈಭವದ ಹಿಂದಿನ ದುಡ್ಡಿನ ಮೂಲವನ್ನೂ ನೋಡಬೇಕು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಚೇರಿ ಕಟ್ಟಡ ಔದೆ ಹೋಖ್‌ಸ್ಟ್ರಾಟ್ ಬೀದಿಯಲ್ಲಿದೆ, ಈಗ ವಿಶ್ವವಿದ್ಯಾಲಯದ್ದು. ನಮ್ಮ ಕರಾವಳಿಯ ಮೆಣಸು ಈ ಲೆಕ್ಕಪುಸ್ತಕಗಳಲ್ಲಿತ್ತು. ಗೋವಾದ ಗಡಿಯಾಚೆ ವೆಂಗುರ್ಲಾದಲ್ಲಿ ಡಚ್ಚರ ವಖಾರಿನ ಪಾಳು ಗೋಡೆ ನೋಡಿದವರಿಗೆ ಈ ಎರಡೂ ತುದಿ ಕೂಡುತ್ತವೆ.

ಆ್ಯನ್ ಫ್ರ್ಯಾಂಕ್ ಮನೆಗೆ ಹೋಗುವ ಸಂಜೆ ಬೇರೇನೂ ಇಟ್ಟುಕೊಳ್ಳಬೇಡಿ. 1942ರ ಜುಲೈನಿಂದ 1944ರ ಆಗಸ್ಟ್ 4ರವರೆಗೆ ಎಂಟು ಜನ ಅಡಗಿದ್ದ ಹಿಂಭಾಗದ ಕೋಣೆಗಳು ಇವತ್ತಿಗೂ ಬರಿದಾಗಿವೆ. ಬದುಕಿ ಬಂದವನು ತಂದೆ ಒಟ್ಟೊ ಒಬ್ಬನೇ. ಒಳಗೆ ಫೋಟೋ ಇಲ್ಲ, ಮಾತೂ ಬೇಡ. ಮೆಟ್ಟಿಲು ಕಡಿದು, ಮೊಣಕಾಲು ನೋವಿರುವವರು ಯೋಚಿಸಿ ಹೋಗಿ.

ಊಟ

ಆಫೀಸಿನ ಮಧ್ಯಾಹ್ನದೂಟ ಬ್ರೆಡ್ಡು, ಚೀಸು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಚೀಸಿನಲ್ಲಿ ಪ್ರಾಣಿಜನ್ಯ ರೆನೆಟ್ (ಹಾಲನ್ನು ಗಟ್ಟಿಯಾಗಿಸುವ ಪದಾರ್ಥ) ಇದೆಯೇ ಎಂದು ಕೇಳಿ, ಮೈಕ್ರೋಬಿಯಲ್ ರೆನೆಟ್ ಅಂತ ಇದ್ದದ್ದು ನಡೆಯುತ್ತದೆ. ಫ್ರೈಸ್ ಜೊತೆಗಿನ ಮಯೋನೀಸಿನಲ್ಲಿ ಮೊಟ್ಟೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು.

ರಾತ್ರಿಗೆ ಸುರಿನಾಮಿ ರೊಟ್ಟಿ ಅಂಗಡಿ ಹುಡುಕಿ, ದ ಪೈಪ್ ಬಡಾವಣೆಯಲ್ಲಿ ಸಿಗುತ್ತವೆ. ಸುರಿನಾಮ್ ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ದೇಶ. 1873ರಲ್ಲಿ ಕಲ್ಕತ್ತದಿಂದ ಲಾಲಾ ರೂಖ್ ಹಡಗಿನಲ್ಲಿ ಕೂಲಿಗಳಾಗಿ ಸುರಿನಾಮಿಗೆ ಹೋದವರ ಮತ್ತು ಅವರ ಹಿಂದೆ ಹೋದವರ ಸಂತತಿ, ಆ ದೇಶ 1975ರಲ್ಲಿ ಸ್ವತಂತ್ರವಾದ ಹೊತ್ತಿಗೆ ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬಂದಿತು. ಮೆತ್ತನೆಯ ದೊಡ್ಡ ರೊಟ್ಟಿ, ಮಸಾಲೆಯ ಆಲೂಗಡ್ಡೆ, ಅಲಸಂದೆ ಕಾಯಿಯ ಪಲ್ಯ. ಮಾಂಸ, ಮೊಟ್ಟೆ ಬೇಡವೆಂದರೆ ಬಿಟ್ಟು ಕೊಡುತ್ತಾರೆ. ರೆಸ್ಟೋರೆಂಟುಗಳ ಅಡುಗೆಮನೆ ಬೇಗ ಮುಚ್ಚುತ್ತದೆ, ಎಂಟರೊಳಗೆ ಉಣ್ಣಿ.

ವಾಪಸಾಗುವ ದಿನ

ಭಾನುವಾರ ಸಂಜೆಯ ವಿಮಾನವಾದರೆ ಬ್ಯಾಗನ್ನು ಹೋಟೆಲಿನಲ್ಲೋ ಸ್ಟೇಷನ್ ಲಾಕರಿನಲ್ಲೋ ಬಿಟ್ಟು ರೈಲಿನಲ್ಲಿ ಕಾಲು ಗಂಟೆ ದೂರದ ಹಾರ್ಲೆಮಿಗೆ ಹೋಗಿ. ಹೋಟೆಲ್ ಬಿಲ್ಲಿನಲ್ಲಿ 12.5% ಪ್ರವಾಸಿ ತೆರಿಗೆ ಬೇರೆ ಸಾಲಾಗಿ ಬರುತ್ತದೆ, ಕ್ಲೇಮಿಗೆ ಆ ಪೂರ್ತಿ ಬಿಲ್ಲೇ ಬೇಕು. ಟ್ಯೂಲಿಪ್ ಗಡ್ಡೆ ಕೊಳ್ಳಬೇಡಿ. ನಮ್ಮಲ್ಲಿ ಸಸ್ಯ ತರಲು ಪರವಾನಗಿ ಬೇಕು, ಪುಣೆಯ ಸೆಕೆಯಲ್ಲಿ ಅವು ಹೂ ಬಿಡುವುದೂ ಇಲ್ಲ.

ಹಾರ್ಲೆಮ್ ಪಕ್ಕದಲ್ಲಿ ಕ್ರುಕ್ವಿಯಸ್ ಎಂಬ ಹಳೇ ಉಗಿ ಪಂಪ್‌ಹೌಸ್ ಇದೆ, ಈಗ ಮ್ಯೂಸಿಯಂ. ಹೊರಗೋಡೆಯಿಂದ ಸುತ್ತಲೂ ಚಾಚಿದ ಎಂಟು ಕಬ್ಬಿಣದ ತೋಳುಗಳು, ಒಳಗೆ 3.66 ಮೀಟರ್ ಅಡ್ಡಳತೆಯ ಸಿಲಿಂಡರ್. ಇಂಥ ಮೂರು ಪಂಪ್‌ಹೌಸುಗಳು ಸೇರಿ 1849ರಿಂದ 1852ರೊಳಗೆ ಇಡೀ ಹಾರ್ಲೆಮ್ ಸರೋವರವನ್ನು ಬರಿದು ಮಾಡಿದವು, ಆ ಸರೋವರದ ತಳದ ಮೇಲೆಯೇ ಸ್ಕಿಪೋಲ್ ಇರುವುದು. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ವೇಳೆ ಮೊದಲೇ ನೋಡಿಕೊಳ್ಳಿ. ಬ್ಯಾಗನ್ನು ಜೊತೆಗೇ ತಂದಿದ್ದರೆ ಹಾರ್ಲೆಮಿನಿಂದ 300ನೇ ನಂಬರ್ ಬಸ್ಸು ನೇರ ಸ್ಕಿಪೋಲಿಗೆ ಬಿಡುತ್ತದೆ. ಶೆಂಗೆನ್ ಗಡಿಯಲ್ಲಿ ಬೆರಳಚ್ಚು, ಮುಖಚಿತ್ರದ ಹೊಸ ವ್ಯವಸ್ಥೆ 2025ರ ಅಕ್ಟೋಬರಿನಲ್ಲಿ ಶುರುವಾಗಿದೆ, ಸಾಲು ಉದ್ದವಿರಬಹುದು. ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಿ.